ಹಿರಿಯ ಗೆಳೆಯರ ಅರ್ಜಿಗೆ ನೀವು ಜೊತೆಯಾಗಿ

ಹೈದರಾಬಾದಿನಲ್ಲಿ ನಿಮ್ಮ ಹಿರಿಯ ಗೆಳೆಯರೊಬ್ಬರು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ಬರುವುದನ್ನು ನಿಲ್ಲಿಸಿದ್ದಾರೆಯೇ? ಮನೆಗೇ ಹೋಗಿ ವಿಚಾರಿಸಿ. ಕಣ್ಣು, ಕಿವಿ, ಕಾಲು ಕೈಕೊಟ್ಟಿದ್ದರೆ ಅದು ಬರೀ ವಯಸ್ಸಿನ ಕಾಟವೆಂದು ಸುಮ್ಮನಾಗಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಾರ್ಕಿನ್ಸನ್ ಸೇರಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40ರಷ್ಟಾದರೂ ವೈಕಲ್ಯವಿರಬೇಕು.

ತೆಲಂಗಾಣದ ಆಸರಾ ಯೋಜನೆಯಲ್ಲಿ 2023ರಲ್ಲಿ ವೃದ್ಧಾಪ್ಯ ಪಿಂಚಣಿ ತಿಂಗಳಿಗೆ 2,016 ರೂಪಾಯಿ ಇತ್ತು. ಅಂಗವಿಕಲರ ಪಿಂಚಣಿ ಅದೇ ವರ್ಷ 4,016ಕ್ಕೆ ಏರಿತು. ಬಡ ಕುಟುಂಬಕ್ಕೆ ಈ ವ್ಯತ್ಯಾಸ ಔಷಧದ ಖರ್ಚು. ಪಿಂಚಣಿಯ ಆದಾಯ ಮಿತಿ ದಾಟಿದವರಿಗೂ ಅಂಗವೈಕಲ್ಯದ ಪ್ರಮಾಣಪತ್ರ ವ್ಯರ್ಥವಲ್ಲ: ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ ತೆರಿಗೆ ಲೆಕ್ಕದ ಆದಾಯದಿಂದ 75,000 ರೂಪಾಯಿ ಕಡಿತ ಸಿಗುತ್ತದೆ.

ಅರ್ಜಿ ಹಾಕುವ ಮೊದಲು ದಾಖಲೆಗಳಲ್ಲಿ ಹೆಸರು ನೋಡಿ. ನಮ್ಮ ಕನ್ನಡಿಗರಲ್ಲಿ ಊರು, ತಂದೆಯ ಹೆಸರು ಇನಿಷಿಯಲ್ ಆಗುತ್ತವೆ. ತೆಲುಗರಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕುಗಳಲ್ಲಿ ಮೂರು ಬಗೆಯಾಗಿದ್ದರೆ ಮುಂಚೆಯೇ ತಿದ್ದಿಸಿ. ಆಮೇಲೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿಸಿ, ಅರ್ಜಿಯ ಸಂಖ್ಯೆ ಬರೆದಿಟ್ಟುಕೊಳ್ಳಿ.

ವೈಕಲ್ಯ ಎಷ್ಟೆಂದು ಡಾಕ್ಟರು ನೋಡುವ ತಪಾಸಣೆಯ ದಿನ ಹಳೆಯ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಎಲ್ಲ ಒಯ್ಯಿರಿ. ನಮ್ಮ ಹಿರಿಯರು ಡಾಕ್ಟರ ಮುಂದೆ "ಪರವಾಗಿಲ್ರೀ, ನಡೀತದ" ಅಂದುಬಿಡುತ್ತಾರೆ. ಮೆಟ್ಟಿಲು ಹತ್ತಲಾಗದ್ದು, ಶರ್ಟಿನ ಗುಂಡಿ ಹಾಕಲಾಗದ್ದು, ಇದ್ದದ್ದನ್ನು ಇದ್ದ ಹಾಗೇ ಹೇಳಲು ಮುಂಚೆಯೇ ತಿಳಿಸಿ. ಇದು ಬೇಡುವುದಲ್ಲ, ಹಕ್ಕು. ಬೇಕಾದರೆ ಅವರ ಮಾತನ್ನು ಡಾಕ್ಟರಿಗಾಗಿ ತೆಲುಗಿಗೆ ಅನುವಾದಿಸಿ. ಆದರೆ ಉತ್ತರ ಅವರದೇ ಇರಲಿ.