ಹಳೆಯ ಕಾರು: ಅರ್ಹತೆಯೂ ಭರವಸೆಯೂ

ನಮ್ಮ ಕೊಳಗಲ್ಲಿನಂತಹ ಊರುಗಳಲ್ಲಿ ಮನೆಗೆ ಮೊದಲು ಬರುವ ಕಾರು ಬಹುಮಟ್ಟಿಗೆ ಇನ್ನೊಬ್ಬರು ಓಡಿಸಿ ಮಾರಿದ್ದೇ. ಒಂದು ವರ್ಷದ ಮೆಣಸಿನಕಾಯಿ ದುಡ್ಡು ಅದಕ್ಕೆ ಹೋಗಿರುತ್ತದೆ. ಮಾರುವವನು "ಎಫ್.ಸಿ. ಆಗಿದೆ" ಎಂದೊಡನೆ ಕೊಳ್ಳುವವನ ಸಂಶಯ ಅಡಗುವುದು. ಆ ಮಾತಿನ ತೂಕವೆಷ್ಟೆಂದು ವಿಚಾರಿಸತಕ್ಕದ್ದು.

1988ರ ಮೋಟಾರು ವಾಹನ ಕಾಯಿದೆಯ 41ನೆಯ ಕಲಮಿನಂತೆ ಸ್ವಂತ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ; ಆಮೇಲೆ ತಪಾಸಣೆಯಾಗಿ 5 ವರ್ಷಕ್ಕೆ ನವೀಕರಣ. ಇನ್‌ಸ್ಪೆಕ್ಟರು ನೋಡುವುದು ಬ್ರೇಕು, ಸ್ಟಿಯರಿಂಗು, ದೀಪ, ಟಯರು, ಚಾಸಿ ನಂಬರು ಮುಂತಾದುವನ್ನು. ಎಂದರೆ, ಆ ದಿನ ಗಾಡಿ ರಸ್ತೆಗೆ ಇಳಿಯಲು ಯೋಗ್ಯವಾಗಿತ್ತೆಂಬಷ್ಟೇ ಅದರ ಅರ್ಥ. ಗೇರ್‌ಬಾಕ್ಸು ಎಷ್ಟು ತಿಂಗಳು ಬಾಳೀತೆಂಬುದು ಅಲ್ಲಿನ ಪ್ರಶ್ನೆಯೇ ಅಲ್ಲ. ಬ್ರೇಕಿನ ಪ್ಯಾಡಾದರೋ, ಐದು ವರ್ಷ ತಡೆಯುವುದೆಂದು ಯಾವ ಮೆಕ್ಯಾನಿಕ್ಕೂ ಮಾತು ಕೊಡಲಾರ!

ಭರವಸೆಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿರಿ. ಮೊದಲೇ ಬಿಸಿಮಾಡಿಟ್ಟ ಎಂಜಿನ್ನು ರೋಗವನ್ನು ಮುಚ್ಚಿಡಬಲ್ಲದು. ನೀಲಿ ಹೊಗೆ ಬಂದರೆ ಆಯಿಲು ಉರಿಯುತ್ತಿದೆಯೆಂದು ತಿಳಿಯಬೇಕು. ಕಾಲಡಿಯ ಹಾಸನ್ನೆತ್ತಿ ತುಕ್ಕು ನೋಡಿರಿ. ಬಳ್ಳಾರಿಯ ಬೇಸಿಗೆಗೆ ರೇಡಿಯೇಟರು ಗಟ್ಟಿಯಿರಲೇಬೇಕು. ಅಂಬಾಸಡರ್, ಮಾರುತಿ 800 ಇವೆರಡರ ತಯಾರಿಕೆಯೂ 2014ರಲ್ಲೇ ನಿಂತಿತು. ಅಂತಹವನ್ನು ಕೊಳ್ಳುವವರು ಬೆಲೆ ಮಾತಾಡುವ ಮುನ್ನ ಬಿಡಿಭಾಗದ ಅಂಗಡಿಗೆ ಹೋಗಿ ಬರುವುದು ಲೇಸು.