ಫೈಲು ಮೊದಲು, ರಿಪೇರಿ ಆಮೇಲೆ



ಹೋದ ತಿಂಗಳು ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಬಟ್ಟೆಚೀಲದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಗುರುಮನೆಗೆ ಬಂದರು. ರಾತ್ರಿ ಅಪ್‌ಡೇಟ್ ಆಗುತ್ತಿದ್ದದ್ದು ಅರ್ಧಕ್ಕೆ ನಿಂತಿತ್ತು. ಬೆಳಿಗ್ಗೆ ನೀಲಿ ಪರದೆ ಬಿಟ್ಟು ಬೇರೇನೂ ಕಾಣಿಸಲಿಲ್ಲ. ಅಂಗಡಿಯವನು "ಫಾರ್ಮ್ಯಾಟ್ ಮಾಡ್ಬೇಕಮ್ಮ, ಬೇರೆ ದಾರಿ ಇಲ್ಲ" ಎಂದಿದ್ದನಂತೆ. ಒಳಗಿದ್ದದ್ದು ತೀರಿಹೋದ ಗಂಡನ ಫೋಟೋಗಳು, ಮಗಳ ಪ್ರಥಮ ಪರಮಪ್ರಸಾದದ ವಿಡಿಯೋ. "ಎಲ್ಲಾ ಹೋಯ್ತಾ ಫಾದರ್?" ಎಂದರು.

ಹೋಗಿರಲಿಲ್ಲ. ನಾನೇನೂ ಇಂಜಿನಿಯರ್ ಅಲ್ಲ. ಆದರೆ ಒಂದನ್ನೊಂದು ಬೆರೆಸದೆ ಬಿಡಿಸಿ ನೋಡುವುದನ್ನು ಸೆಮಿನರಿಯ ತತ್ವಶಾಸ್ತ್ರದ ತರಗತಿ ಕಲಿಸಿತ್ತು. ಇಲ್ಲಿ ಬೇಕಾದದ್ದೂ ಅಷ್ಟೇ. ಲ್ಯಾಪ್‌ಟಾಪನ್ನು ನಡೆಸುವ ವಿಂಡೋಸ್ ಬೇರೆ, ಅದರಲ್ಲಿ ನೀವು ಇಟ್ಟ ಫೈಲುಗಳು ಬೇರೆ. ಒಂದೇ ಡಿಸ್ಕಿನಲ್ಲಿದ್ದರೂ ಬೇರೆ ಬೇರೆ ಫೋಲ್ಡರುಗಳಲ್ಲಿ ಇರುತ್ತವೆ. ಅಪ್‌ಡೇಟ್ ಕೆಟ್ಟರೆ ಸಾಮಾನ್ಯವಾಗಿ ಕೆಡುವುದು ಮೊದಲನೆಯದು. ಮನೆಯ ಬೀಗ ಕೆಟ್ಟಿದೆ, ಒಳಗಿನ ಪೆಟ್ಟಿಗೆ ಇದ್ದಲ್ಲೇ ಇದೆ. ಫಾರ್ಮ್ಯಾಟ್ ಎಂದರೆ ಬೀಗ ಸರಿಮಾಡಲು ಪೆಟ್ಟಿಗೆಯನ್ನೇ ಸುಟ್ಟಂತೆ.

ಮೊದಲು ಸ್ವಲ್ಪ ಕಾಯಿರಿ. ಅಪ್‌ಡೇಟ್ ಒಂದೆರಡು ಗಂಟೆ ಹಿಡಿಯುವುದೂ ಉಂಟು. ಅವಸರದಿಂದ ಆರಿಸಿದರೆ ಕೆಡದಿದ್ದದ್ದೂ ಕೆಟ್ಟೀತು. ಬಹಳ ಹೊತ್ತಾದರೂ ಕದಲದಿದ್ದರೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿ. ವಿಂಡೋಸ್ ಎರಡು ಮೂರು ಸಲ ಆರಂಭವಾಗಲು ಸೋತರೆ ದುರಸ್ತಿಯ ಪರದೆ ತಾನಾಗಿ ಬರುತ್ತದೆ. ಅಲ್ಲಿ 'ಟ್ರಬಲ್‌ಶೂಟ್', ಅದರೊಳಗೆ 'ಅಡ್ವಾನ್ಸ್‌ಡ್ ಆಪ್ಷನ್ಸ್'. 'ರಿಸೆಟ್' ಎಂಬುದನ್ನು ಈಗ ಮುಟ್ಟಬೇಡಿ.

'ಕಮಾಂಡ್ ಪ್ರಾಂಪ್ಟ್' ತೆರೆಯಿರಿ. ಕಪ್ಪು ಕಿಟಕಿ ಕಂಡು ಹೆದರಬೇಡಿ. ಇಂಗ್ಲಿಷ್ ಅಕ್ಷರಗಳಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಬರೆಯುವ ಸಣ್ಣ ಕಿಟಕಿಯೊಂದು ಬರುತ್ತದೆ. ನಾವು ಏನನ್ನೂ ಬರೆಯಬೇಕಿಲ್ಲ. 'ಫೈಲ್', 'ಓಪನ್' ಒತ್ತಿ, ಕೆಳಗೆ 'ಆಲ್ ಫೈಲ್ಸ್' ಆರಿಸಿದರೆ ಡಿಸ್ಕೆಲ್ಲ ಕಣ್ಣಿಗೆ ಬೀಳುತ್ತದೆ. ಇಲ್ಲಿ 'ಸಿ' ಡ್ರೈವ್ 'ಡಿ' ಎಂದೋ 'ಇ' ಎಂದೋ ಕಾಣಬಹುದು, ಗಾಬರಿ ಬೇಡ. 'ಯೂಸರ್ಸ್' ಫೋಲ್ಡರಿನಲ್ಲಿ ನಿಮ್ಮ ಹೆಸರು, ಅದರೊಳಗೆ 'ಡೆಸ್ಕ್‌ಟಾಪ್', 'ಡಾಕ್ಯುಮೆಂಟ್ಸ್', 'ಪಿಕ್ಚರ್ಸ್'. ಅವು ಖಾಲಿ ಕಂಡರೆ ಪಕ್ಕದ 'ಒನ್‌ಡ್ರೈವ್' ಫೋಲ್ಡರನ್ನೂ ನೋಡಿ. ಬೇಕಾದ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಕಾಪಿ ಮಾಡಿ, ಪೆನ್‌ಡ್ರೈವಿಗೆ ಹೋಗಿ ಪೇಸ್ಟ್ ಮಾಡಿ. ಎಷ್ಟಾಯಿತೆಂದು ತೋರಿಸದೆ ಪರದೆ ಸ್ತಬ್ಧವಾದಂತೆ ಕಾಣಬಹುದು. ಕೈಕಟ್ಟಿ ಕುಳಿತಿರಿ.

ಫೈಲುಗಳು ಕೈಗೆ ಬಂದ ಮೇಲೆ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಮೂಲಕ ಕೆಟ್ಟ ಅಪ್‌ಡೇಟನ್ನು ತೆಗೆಯಲು ನೋಡಬಹುದು. ಬೇಕಾದರೆ ಅಂಗಡಿಗೂ ಕೊಡಿ, ಫಾರ್ಮ್ಯಾಟೇ ಮಾಡಲಿ.

ದುರಸ್ತಿಯ ಪರದೆಯೂ ಬಾರದಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿಸಿ, ಅದರಿಂದ ಲ್ಯಾಪ್‌ಟಾಪ್ ಆರಂಭಿಸಿ ಫೈಲು ತೆಗೆಯಬಹುದು. ಉಬುಂಟು ಉಚಿತ. ಕಾಲೇಜು ಓದುವ ಹುಡುಗರಿಗೆ ಇದು ಗೊತ್ತಿರುತ್ತದೆ. 'ಟ್ರೈ' ಎಂಬುದನ್ನು ಒತ್ತಬೇಕು, 'ಇನ್‌ಸ್ಟಾಲ್' ಒತ್ತಬಾರದು.

ಅಪ್‌ಡೇಟ್ ಫೈಲುಗಳನ್ನೇ ಅಳಿಸಿದ್ದೂ ಉಂಟು. ೨೦೧೮ರ ಅಕ್ಟೋಬರ್‌ನಲ್ಲಿ ವಿಂಡೋಸ್ ೧೦ರ ಒಂದು ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್, ಫೋಟೋಗಳನ್ನು ಅಳಿಸಿತೆಂದು ದೂರುಗಳು ಬಂದು, ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದರ ವಿತರಣೆ ನಿಲ್ಲಿಸಿತು. ತೊಂದರೆಗೊಳಗಾದವರು ಆ ಕಂಪ್ಯೂಟರನ್ನು ಆದಷ್ಟು ಕಡಿಮೆ ಬಳಸಬೇಕೆಂದು ಹೇಳಿತು. ಅಳಿಸಿದ ಫೈಲಿನ ಜಾಗದಲ್ಲಿ ಹೊಸದು ಬಂದು ಕೂತರೆ ಹಳೆಯದು ಮತ್ತೆ ಸಿಗದು. ಈಗಿನ ಎಸ್‌ಎಸ್‌ಡಿ ಡಿಸ್ಕುಗಳಂತೂ ಅಳಿಸಿದ ಜಾಗವನ್ನು ತಾವಾಗಿಯೇ ಬೇಗ ತೆರವು ಮಾಡುತ್ತವೆ.

ನಮ್ಮ ತಾಯಿಯ ಲ್ಯಾಪ್‌ಟಾಪಿನಲ್ಲಿ ತೊಡಕು ಬಂದದ್ದು ಬೇರೆಡೆ. ಡಿಸ್ಕ್ ತೆರೆಯಲು ಹೋದಾಗ ಬಿಟ್‌ಲಾಕರ್ ೪೮ ಅಂಕಿಗಳ ಕೀಲಿ ಕೇಳಿತು. ಡಿಸ್ಕಿನಲ್ಲಿರುವುದನ್ನು ಗುಪ್ತಲಿಪಿಗೆ ತಿರುಗಿಸಿಡುವ ವ್ಯವಸ್ಥೆ ಅದು. ಕೀಲಿ ಇಲ್ಲದಿದ್ದರೆ ಉಬುಂಟುವೂ ತೆರೆಯಲಾರದು, ಅಂಗಡಿಯವನೂ ತೆರೆಯಲಾರ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಲವು ಸಲ ಇದು ನಮಗೆ ತಿಳಿಯದೆಯೇ ಚಾಲೂ ಆಗಿರುತ್ತದೆ. ಆಗ ಕೀಲಿಯು ಮೊದಲ ದಿನ ಯಾರ ಮೈಕ್ರೋಸಾಫ್ಟ್ ಖಾತೆಯಿಂದ ಲ್ಯಾಪ್‌ಟಾಪ್ ಶುರುಮಾಡಿದ್ದರೋ ಅವರ ಖಾತೆಯಲ್ಲಿ ಇರುತ್ತದೆ. ಇದನ್ನು ಶುರುಮಾಡಿಕೊಟ್ಟವನು ಕುವೈತಿನಲ್ಲಿರುವ ಮಗ. ಫೋನ್ ಹಚ್ಚಿದೆವು. ಅವನು ಆರಾರು ಅಂಕಿಗಳಂತೆ ಎಂಟು ಗುಂಪು ಓದಿದ, ನಾನು ಒತ್ತುತ್ತಾ ಹೋದೆ.

ಮಧ್ಯಾಹ್ನದ ಹೊತ್ತಿಗೆ ಫೋಟೋಗಳೆಲ್ಲ ಪೆನ್‌ಡ್ರೈವಿನಲ್ಲಿದ್ದವು. ಆ ೪೮ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡ ತಾಯಿ, ಅದನ್ನು ಮನೆಯವರ ಜ್ಞಾನಸ್ನಾನದ ಪ್ರಮಾಣಪತ್ರಗಳಿರುವ ಕವರಿನಲ್ಲಿ ಇಡುತ್ತೇನೆ ಎಂದರು.