ತಮ್ಮನಿಗೆ ಹೇಳದೆ ಎಷ್ಟು ದಿನ?

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಕಿವುಡರ ಶಾಲೆಯಲ್ಲಿ ಸನ್ನೆ ಭಾಷೆ ಕಲಿತ, ಈಗ ಊರಲ್ಲೇ ಟೈಲರ್ ಅಂಗಡಿ ಇಟ್ಟಿದ್ದಾನೆ. ಈಚೆಗೆ ಕತ್ತಲಾದರೆ ಹೊರಗೆ ಹೋಗುವುದಿಲ್ಲ, ಕಾಲ ಪಕ್ಕದ ಬಿಂದಿಗೆಯನ್ನೂ ಎಡವುತ್ತಾನೆ. ಕುಡಿದಿದ್ದಾನೆ ಎಂದು ಜನ ಆಡಿಕೊಳ್ಳುತ್ತಾರೆ. ಇದು ಅಷರ್ ಸಿಂಡ್ರೋಮ್, ನೋಟ ನಿಧಾನವಾಗಿ ಕುಗ್ಗುತ್ತದೆ ಎಂದರು ಕಣ್ಣಿನ ಡಾಕ್ಟರು. ಅವನಿಗೆ ಮಾತ್ರ ‘ಕನ್ನಡಕ ಬದಲಿಸಬೇಕಂತೆ’ ಎಂದು ಹೇಳಿ ಸುಮ್ಮನಾಗಿದ್ದೇವೆ. ಡಿಗ್ರಿ ಓದುತ್ತಿರುವ ನನ್ನ ಮಗಳನ್ನೇ ಅವನಿಗೆ ಕೊಟ್ಟರೆ ಕೊನೆತನಕ ನೋಡಿಕೊಳ್ಳುತ್ತಾಳೆ ಎನ್ನುತ್ತಾರೆ ನೆಂಟರು. ಏನು ಮಾಡಲಿ?
– ಅಕ್ಕ, ಹಾಸನ ಜಿಲ್ಲೆ

ಉತ್ತರ: ಮೊದಲು ತಮ್ಮನಿಗೆ ನಿಜ ತಿಳಿಸಿ, ತಾಯಿ. ಎಡವುತ್ತಿರುವುದು ಅವರ ಕಾಲು. ತನಗೇನೋ ಆಗುತ್ತಿದೆ ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಕಾರಣ ಗೊತ್ತಿಲ್ಲದೆ ಒಳಗೊಳಗೇ ಹೆದರಿರುತ್ತಾರೆ. ಸನ್ನೆ ಭಾಷೆ ಬಲ್ಲ ದುಭಾಷಿಯೊಬ್ಬರನ್ನು ಕರೆದುಕೊಂಡು ಮತ್ತೆ ಡಾಕ್ಟರ ಹತ್ತಿರ ಹೋಗಿ. ಡಾಕ್ಟರು ಅವರಿಗೇ ಹೇಳಲಿ, ಅವರೇ ಪ್ರಶ್ನೆ ಕೇಳಲಿ. ಈ ಕಾಯಿಲೆಯಲ್ಲಿ ಮೊದಲು ರಾತ್ರಿ ನೋಟ, ಆಮೇಲೆ ಅಕ್ಕಪಕ್ಕದ ನೋಟ ಹೋಗುತ್ತದೆ. ನಡುವಿನ ನೋಟ ಹಲವರಿಗೆ ಎಷ್ಟೋ ವರ್ಷ ಉಳಿಯುತ್ತದೆ. ಸೂಜಿಗೆ ದಾರ ಪೋಣಿಸುವವರು ಬಿಂದಿಗೆ ಎಡವುವುದು ಇದಕ್ಕೇ. ಊರವರಿಗೂ ಇದನ್ನು ಬಿಡಿಸಿ ಹೇಳಿ. ಕುಡುಕನೆಂಬ ಹೆಸರು ಅವರಿಗೆ ಸಲ್ಲದು.

ಇಂದಿನಿಂದಲೇ ಮಾಡಬಹುದಾದ ಕೆಲಸಗಳಿವೆ. ಸನ್ನೆ ಮಾಡುವಾಗ ತೀರಾ ಹತ್ತಿರ ನಿಲ್ಲಬೇಡಿ. ನಾಲ್ಕೈದು ಅಡಿ ದೂರದಲ್ಲಿ, ಮುಖಕ್ಕೆ ಬೆಳಕು ಬೀಳುವಂತೆ ನಿಂತು, ಕೈಗಳನ್ನು ಎದೆಯ ಮುಂದೆಯೇ ಆಡಿಸಿ. ಹೂವಿನ ಚಿತ್ತಾರದ ಸೀರೆಗಿಂತ ಮೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ ಬಟ್ಟೆಯ ಮುಂದೆ ಬೆರಳುಗಳು ಸ್ಪಷ್ಟವಾಗಿ ಕಾಣುತ್ತವೆ. ಬಾಗಿಲು ಪೂರ್ತಿ ತೆರೆದಿರಲಿ, ಇಲ್ಲವೇ ಪೂರ್ತಿ ಮುಚ್ಚಿರಲಿ. ಬಿಂದಿಗೆಗೆ ಒಂದೇ ಜಾಗ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಮುಟ್ಟಿ ಮಾತಾಡುವ ಕಲೆ. ನೀವು ಸನ್ನೆ ಮಾಡುವಾಗ ಅವರು ನಿಮ್ಮ ಕೈಗಳ ಮೇಲೆ ತಮ್ಮ ಕೈ ಹಗುರವಾಗಿ ಇಟ್ಟು ಆ ಚಲನೆಯನ್ನೇ ಓದಿಕೊಳ್ಳುತ್ತಾರೆ. ಅಂಗೈ ಮೇಲೆ ಒಂದೊಂದೇ ಕನ್ನಡ ಅಕ್ಷರ ಬರೆದೂ ಹೇಳಬಹುದು. ಕಣ್ಣು ಇನ್ನೂ ಕಾಣುತ್ತಿರುವಾಗಲೇ, ಸಂಜೆ ಕರೆಂಟ್ ಹೋದಾಗಲೆಲ್ಲ, ಮನೆಮಂದಿಯೆಲ್ಲ ಇದನ್ನು ಅಭ್ಯಾಸ ಮಾಡಿ. ನೋಟ ಪೂರ್ತಿ ಕುಗ್ಗಿದ ಮೇಲೆ ಕಲಿಯಹೊರಟರೆ, ಕಲಿಯುವಷ್ಟು ದಿನವೂ ಅವರು ಮಾತಿಲ್ಲದೆ ಒಬ್ಬಂಟಿಯಾಗಿರಬೇಕಾಗುತ್ತದೆ. ಆ ಒಂಟಿತನವನ್ನು ನೀವು ತಪ್ಪಿಸಬಲ್ಲಿರಿ.

ನೆಂಟರ ಮಾತಿಗೆ ಇಲ್ಲ ಎಂದೇ ಹೇಳಿಬಿಡಿ. ನಿಮ್ಮ ಮಗಳ ಬದುಕು ಯಾರ ಆರೈಕೆಗೂ ಕೊಡುವ ಬಳುವಳಿಯಲ್ಲ. ಅಲ್ಲದೆ ಅಷರ್ ಬರುವುದು ಅಪ್ಪ ಅಮ್ಮ ಇಬ್ಬರಿಂದಲೂ ಆ ದೋಷದ ವಂಶವಾಹಿ ಬಂದಾಗ. ನಿಮಗೆ ಕಾಯಿಲೆ ಇಲ್ಲದಿದ್ದರೂ ಅದನ್ನು ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು, ಮಗಳಿಗೂ ದಾಟಿರಬಹುದು. ಸೋದರಮಾವನ ಜೊತೆ ಮದುವೆಯಾದರೆ ಹುಟ್ಟುವ ಮಕ್ಕಳಿಗೆ ಇದೇ ಕಾಯಿಲೆ ಬರುವ ಭಯ ಹೆಚ್ಚು. ತಮ್ಮನಿಗೆ ಮದುವೆ ಬೇಕೇ, ಯಾರೊಂದಿಗೆ ಎಂಬುದನ್ನು ಅವರನ್ನೇ ಕೇಳಿ.

ಅವರ ಅಂಗವಿಕಲರ ಗುರುತಿನ ಚೀಟಿಯಲ್ಲಿ (ಯುಡಿಐಡಿ ಕಾರ್ಡ್) ಶ್ರವಣದೋಷ ಮಾತ್ರ ನಮೂದಾಗಿದ್ದರೆ ಮರುಪರೀಕ್ಷೆಗೆ ಅರ್ಜಿ ಹಾಕಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಿವುಡು–ಕುರುಡುತನ ಎರಡೂ ಇರುವುದನ್ನು ಬಹುವಿಧ ಅಂಗವೈಕಲ್ಯವೆಂದು ಗುರುತಿಸಿದೆ, ಸರ್ಕಾರಿ ನೌಕರಿಯ ಮೀಸಲಾತಿಯೂ ಇದಕ್ಕುಂಟು. ಕಿವಿಯ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ದೂರವೇನಲ್ಲ. ಅಹಮದಾಬಾದಿನ ಸೆನ್ಸ್ ಇಂಟರ್‌ನ್ಯಾಷನಲ್ ಇಂಡಿಯಾ 1997ರಿಂದ ಇಂಥವರಿಗಾಗಿಯೇ ದುಡಿಯುತ್ತಿದೆ. ಆ ಸಂಸ್ಥೆಗೆ ಪತ್ರ ಬರೆಯಿರಿ. ಹೊರಗೆ ಓಡಾಡಲು ಕೆಂಪು ಪಟ್ಟಿಗಳಿರುವ ಬಿಳಿ ಕೋಲು ಬಳಸುವುದನ್ನು ತಮ್ಮ ಕಲಿಯಲಿ. ಕಣ್ಣಿನ ಜೊತೆ ಕಿವಿಯದೂ ತೊಂದರೆ ಇದೆ ಎಂದು ಆ ಕೋಲು ಎದುರಿನವರಿಗೆ ತಿಳಿಸುತ್ತದೆ.